ತೂತು ಎಲ್ಲಿದೆ ಅಂತ ಮೊದಲು ಹೇಳು

ನನ್ನ ಕಾರು ತೀರ್ಥಹಳ್ಳಿಯ ತುಂಗಾ ಸೇತುವೆ ಹತ್ತಿದ ಕೂಡಲೇ ಭಟ್ರು ಕಾವಲಿಗೆ ದೋಸೆ ಹೊಯ್ಯುತ್ತಾರೆ. ಅಷ್ಟು ಸದ್ದು. ನಾನು ಗಾಡಿ ನಿಲ್ಲಿಸಿ, ಕೈ ತೊಳೆದು ಬೆಂಚಿನ ಮೇಲೆ ಕೂರುವ ಹೊತ್ತಿಗೆ ದೋಸೆ ಕೆಂಪಗಾಗಿರುತ್ತದೆ. ಇಷ್ಟು ಅನುಕೂಲ ಇರುವಾಗ ಸೈಲೆನ್ಸರ್ ರಿಪೇರಿ ಯಾಕೆ ಮಾಡಿಸಬೇಕು ಅಂತ ನನಗೂ ಅನ್ನಿಸಿತ್ತು.

ಮಾತು ತೆಗೆದದ್ದು ಶೀನ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಇದ್ದವನು. ಚಟ್ನಿಯನ್ನೂ ಲೆಕ್ಕ ಹಾಕಿ ಹಚ್ಚಿಕೊಳ್ಳುತ್ತಾನೆ.

"ನಿನ್ನ ಗಾಡಿ ಯಾವ ಇಸವಿದು?"

"1999. ಮಾರುತಿ 800."

"ಗುಜರಿಯವನು ಕಿಲೋಗೆ ಎಷ್ಟು ಅಂದ?"

"25."

ಕೈ ಒರೆಸುವ ಪೇಪರ್ ಚೂರಿನ ಮೇಲೆ ಬರೆದ. ಗಾಡಿ ತೂಕ ಸುಮಾರು 650 ಕಿಲೋ. ಒಟ್ಟು 16,250 ರೂಪಾಯಿ.

"ತೂತು ಬಿದ್ದ ಜಾಗದ ತೂಕ ಕಳೀಬೇಕು," ಅಂದ ಮಂಜ.

"ಗ್ಯಾರೇಜಿನಲ್ಲಿ ಎಷ್ಟು ಕೇಳಿದ್ರು?"

"ವೆಲ್ಡಿಂಗ್ ಆದ್ರೆ 500. ಎಲ್ಲಾ ಹೊಸದು ಹಾಕಿದ್ರೆ ನಾಲ್ಕು ಸಾವಿರ."

"ಹದಿನಾರು ಸಾವಿರದ ಗಾಡಿಗೆ ನಾಲ್ಕು ಸಾವಿರದ ಕೊಳವೆ! ನಾನು ಮ್ಯಾನೇಜರ್ ಆಗಿದ್ರೆ ಈ ಸಾಲ ಪಾಸ್ ಮಾಡ್ತಿರ್ಲಿಲ್ಲ."

"ನಾನು ಸಾಲ ಕೇಳಿಲ್ಲ ಮಾರಾಯ."

ಗಾಡಿ ಬಿಡುವ ಹಾಗೂ ಇರಲಿಲ್ಲ. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕಲ್ಲ. 2019ರಲ್ಲಿ ಅದರ ಫೀಸು 600 ಇತ್ತು. 2022ರ ಏಪ್ರಿಲ್‌ನಲ್ಲಿ ಅದನ್ನು 5,000ಕ್ಕೆ ಏರಿಸಿದರು. 2024ರಲ್ಲಿ ಕಣ್ಣು ಮುಚ್ಚಿ ಕಟ್ಟಿದ್ದೇನೆ. ಇನ್ನು 2029ರ ತನಕ ಓಡಿಸದೆ ಬಿಡುವವನಲ್ಲ ನಾನು.

"ಕಟ್ಟಿದ ದುಡ್ಡು ಹೋಯ್ತು. ಅದನ್ನ ಹಿಡ್ಕೊಂಡು ಇನ್ನಷ್ಟು ಕಳೀಬಾರದು," ಅಂದ ಶೀನ.

ಇದೇ ಶೀನ ಚೆನ್ನಾಗಿಲ್ಲ ಅಂತ ಬೈದುಕೊಂಡೇ ಎದುರಿನ ಉಪ್ಪಿಟ್ಟು ಖಾಲಿ ಮಾಡುತ್ತಿದ್ದ. ದುಡ್ಡು ಕೊಟ್ಟಿದ್ದನಲ್ಲ.

ಮಂಜನ ಹತ್ತಿರ ಎಲ್ಲದಕ್ಕೂ ಅವನ ಮಾವನ ಜೀಪಿನ ಉದಾಹರಣೆ ಇರುತ್ತದೆ. "ಹಾಲಿನ ಪುಡಿ ಡಬ್ಬಿ ಇದ್ಯಲ್ಲ, ಅದನ್ನ ಬಿಚ್ಚಿ, ತಗಡು ಪೈಪಿಗೆ ಸುತ್ತಿ, ಎರಡು ಕ್ಲಾಂಪ್ ಬಿಗಿದ್ರೆ ಮುಗೀತು. ಮಾವಂದು ಎರಡು ವರ್ಷ ಓಡ್ತು."

"ಆಮೇಲೆ?"

"ಆಮೇಲೆ ಡಬ್ಬಿ ಬದಲಾಯಿಸಿದ್ರು."

ಅಷ್ಟರಲ್ಲಿ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ನಮ್ಮ ಮೂವರಿಗೂ ವಿಜ್ಞಾನ ಹೇಳಿಕೊಟ್ಟವರು. ನಾವು ಏನು ಕಲಿತೆವು ಅಂತ ಅವರಿಗೆ ಗೊತ್ತು. ಹಾಗಾಗಿ ಈಗಲೂ ಪಾಠ ನಿಲ್ಲಿಸಿಲ್ಲ.

"ಇಷ್ಟೊತ್ತು ದುಡ್ಡಿನ ಮಾತೇ ಆಯ್ತು. ತೂತು ಎಲ್ಲಿದೆ ಅಂತ ಯಾರಾದ್ರೂ ನೋಡಿದ್ರಾ?"

"ಹಿಂದೆ ಸಾರ್, ಸೈಲೆನ್ಸರ್ ಡಬ್ಬದಲ್ಲಿ. ಬೆರಳು ತೂರುತ್ತೆ."

"ದಿನಾ ಎಷ್ಟು ದೂರ ಓಡಿಸ್ತೀಯ?"

"ಮನೆಯಿಂದ ಇಲ್ಲಿಗೆ. ಎರಡು ಕಿಲೋಮೀಟರ್."

"ಅದಕ್ಕೇ ತುಕ್ಕು. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ತತ್ರ ಒಂದು ಲೀಟರ್ ನೀರು ಹುಟ್ಟುತ್ತೆ. ಗಾಡಿ ದೂರ ಹೋದ್ರೆ ಪೈಪು ಕಾದು ಅದು ಆವಿಯಾಗಿ ಹೋಗುತ್ತೆ. ನೀನು ಕಾಯೋದ್ರೊಳಗೆ ದೋಸೆಗೆ ಇಳೀತೀಯ. ನೀರು ಡಬ್ಬದಲ್ಲೇ ಕೂರುತ್ತೆ."

"ಹಾಗಾದ್ರೆ ಬಂಕಿನವನು ನೀರು ಬೆರೆಸಿದ್ದಲ್ವಾ ಸಾರ್?" ಅಂದ ಮಂಜ. ಮೇಷ್ಟ್ರು 1984ರಲ್ಲಿ ನೋಡಿದ ಹಾಗೇ ಅವನನ್ನು ನೋಡಿದರು.

"ಹಿಂದಿನ ತೂತು ಬರೀ ಬಾಯಿಬಡುಕ. ಊರಿಗೆಲ್ಲ ಕೇಳುತ್ತೆ, ಹೊಗೆ ಹೆಚ್ಚಾಗಿ ಹಿಂದೇ ಉಳೀತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮುಂದುಗಡೆ ಟಿಕ್ ಟಿಕ್ ಅಂತ ಸದ್ದು ಬರುತ್ತಾ?"

ಬರುತ್ತದೆ. ಎಂಜಿನ್ ಕಾದ ಮೇಲೆ ನಿಲ್ಲುತ್ತದೆ. ತಾನಾಗೇ ವಾಸಿಯಾಗುತ್ತದಲ್ಲ ಅಂತ ನಾನು ಖುಷಿಯಾಗಿದ್ದೆ.

"ವಾಸಿ ಅಲ್ಲಪ್ಪಾ. ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಕೊಳ್ಳುತ್ತೆ. ಬಾನೆಟ್ ತೆಗಿ. ಭಟ್ರೇ, ಒಂದು ಚೊಂಬು ಸೋಪಿನ ನೀರು ಕೊಡಿ."

ಎಂಜಿನ್ ಆರಲಿ ಅಂತ ಇನ್ನೊಂದು ಸುತ್ತು ಕಾಫಿ ಕುಡಿದೆವು. ದುಡ್ಡು ನನ್ನದೇ. ಆಮೇಲೆ ನೋಡಬೇಕಿತ್ತು ಆ ದೃಶ್ಯ. ಮಂಜ ಹಿಂದೆ ಕುಕ್ಕರುಗಾಲಲ್ಲಿ ಕೂತು ಹೊಗೆಪೈಪಿನ ಬಾಯಿಗೆ ಒದ್ದೆ ಬಟ್ಟೆ ಅರೆಬರೆ ಒತ್ತಿ ಹಿಡಿದಿದ್ದ. ನಾನು ಸ್ಟಾರ್ಟ್ ಮಾಡಿದೆ. ಎಂಜಿನ್ನಿಂದ ಪೈಪು ಇಳಿಯುವ ಕಡೆ ಮೇಷ್ಟ್ರು ಸೋಪಿನ ನೀರು ಚಿಮುಕಿಸಿದರು. ಅಲ್ಲಿ ಆಗಲೇ ಕರೀ ಮಸಿ ಹಿಡಿದಿತ್ತು. ಮಸಿಯ ನಡುವಿನಿಂದ ಗುಳ್ಳೆ ಎದ್ದವು, ಪುಸ್ ಪುಸ್ ಅಂತ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನಿಂತರು. ಒಬ್ಬರು, "ಪೂಜೆಯಾ?" ಅಂತ ಕೇಳಿದರು.

"ಇದು ನೋಡು ಕಳ್ಳ," ಅಂದರು ಮೇಷ್ಟ್ರು. "ಸಂದು ಮುಚ್ಚೋಕೆ ನಡುವೆ ಕೂರಿಸೋ ಗ್ಯಾಸ್ಕೆಟ್ ಸುಟ್ಟಿದೆ. ಈ ಹೊಗೆ ನೇರ ಗಾಡಿ ಒಳಗೆ. ಕಾಲಡಿ ಮ್ಯಾಟ್ ಎತ್ತು."

ಎತ್ತಿದೆ. ನೆಲದ ತಗಡಿನ ತೂತಿನಲ್ಲಿ ಡಾಂಬರು ರಸ್ತೆ ಕಾಣಿಸಿತು. ಶೀನ ಸದ್ದಿಲ್ಲದೆ ಪೇಪರ್ ತೆಗೆದು 16,250ರ ಮೇಲೆ ಗೀಟು ಎಳೆದ.

"ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ಮೊದಲು ತಲೆನೋವು, ಆಮೇಲೆ ತೂಕಡಿಕೆ, ಆಮೇಲೆ ಹೇಳೋದಕ್ಕೆ ಯಾರೂ ಇರಲ್ಲ. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಘಾಟಿ ಇಳೀತೀಯಲ್ಲ, ನಿಂಗೆ ತಲೆನೋವು ಬಂದಿಲ್ವಾ?"

ನನ್ನ ಕಡೆ ಗಾಜು ಪೂರ್ತಿ ಏರುವುದಿಲ್ಲ, ಹಾಗಾಗಿ ಬಂದಿಲ್ಲ. ಆದರೆ ಪಕ್ಕದಲ್ಲಿ ಕೂರುವವಳು? ಎರಡು ವರ್ಷದಿಂದ ಒಂದೇ ಮಾತು: "ನಿಮ್ಮ ಡ್ರೈವಿಂಗ್‌ಗೆ ತಲೆ ಸಿಡೀತದೆ." ಇಳಿದು ಹತ್ತು ನಿಮಿಷ ಗಾಳಿಗೆ ನಿಂತರೆ ಸರಿಹೋಗುತ್ತಿತ್ತು. ಕಡೆಗೆ ಉಡುಪಿ ಕಡೆ ಏನೇ ಇದ್ದರೂ ಬಸ್ಸು ಹತ್ತುತ್ತಿದ್ದಳು. ನಾನು ಮುನಿಸಿಕೊಂಡಿದ್ದೆ.

"ಅಂದ್ರೆ ನನ್ನ ಡ್ರೈವಿಂಗ್ ಚೆನ್ನಾಗೇ ಇದೆ!" ಅಂದೆ.

"ಹೆಂಡತಿಗೆ ವಿಷ ಹಾಕ್ತಿದ್ದೆ ಅಂತ ಗೊತ್ತಾದಾಗ ಖುಷಿಪಡೋ ಗಂಡ ಇವನೊಬ್ಬನೇ," ಅಂದ ಮಂಜ.

"ಆದ್ರೆ ಸಾರ್, ಹೊಗೆ ಟೆಸ್ಟು ಮೊನ್ನೆ ತಾನೇ ಪಾಸಾಗಿತ್ತು."

"ಅವರು ಹಿಂದಿನ ಪೈಪಿಗೆ ನಳಿಕೆ ಹಾಕ್ತಾರೆ. ನಿನ್ನ ಹೊಗೆ ಅಲ್ಲಿಗೆ ಹೋಗೋ ಮೊದಲೇ ಇಳ್ಕೊಂಡಿತ್ತು."

ಶೀನ ಹೊಸ ಪೇಪರ್ ತೆಗೆದ. ಗ್ಯಾಸ್ಕೆಟ್ಟು, ಕೂಲಿ, ನೆಲದ ತಗಡಿಗೆ ತೇಪೆ, ಎಲ್ಲ ಸೇರಿ 1,400 ಆಗಬಹುದು ಅಂತ ಲೆಕ್ಕ ಬಂತು. "ಇದು ಪಾಸ್," ಅಂದ. ಹಿಂದಿನ ಡಬ್ಬಕ್ಕೆ ಮಾತ್ರ ಮಂಜನ ತಗಡೇ ಸಾಕು ಅಂತಾಯಿತು. ಪುಡಿ ಡಬ್ಬಿಯನ್ನು ಭಟ್ರೇ ಕೊಟ್ಟರು. ಗ್ಯಾರೇಜಿನ ಹುಡುಗ ಅದನ್ನು ಸುತ್ತಿ ಕೊಟ್ಟು, "ಇದಕ್ಕೆ ಗ್ಯಾರಂಟಿ ಕೇಳ್ಬೇಡಿ ಅಣ್ಣಾ," ಅಂದ. ಬುದ್ಧಿವಂತ.

ಮಾರನೇ ವಾರ ಮದುವೆಗೆ ಅಂತ ಉಡುಪಿಗೆ ಹೊರಟೆವು. ಅವಳೂ ಬಂದಳು, ಅರೆಮನಸ್ಸಿನಿಂದ. ಆಗುಂಬೆಯಲ್ಲಿ ಎಂದಿನ ಹಾಗೇ ಧೋ ಅಂತ ಮಳೆ. ಗಾಡಿಯೊಳಗೆ ಎಷ್ಟು ನಿಶ್ಶಬ್ದ ಅಂದರೆ, ಇಷ್ಟು ವರ್ಷ ಕೇಳಿಸದೇ ಇದ್ದ ಬಾಗಿಲಿನ ಕಿರ್ರ್, ಸೀಟಿನ ಕಟಕಟ, ಎಡ ಚಕ್ರದ ಗುಂಯ್ ಎಲ್ಲ ಒಂದೊಂದಾಗಿ ಕೇಳಿಸಿದವು. ಘಾಟಿಯ ಹದಿನಾಲ್ಕೂ ತಿರುವು ಇಳಿಸಿ, ಗೆದ್ದವನ ಹಾಗೆ ತಿರುಗಿ ಕೇಳಿದೆ.

"ತಲೆನೋವು ಇದ್ಯಾ?"

"ಇಲ್ಲ," ಅಂದಳು. "ವಾಂತಿ ಬರೋ ಹಾಗಿದೆ. ಒಂಚೂರು ನಿಧಾನ ಓಡ್ಸಿ."

ಊರಿಗೆ ಬಂದು ಇದನ್ನೆಲ್ಲ ಮೇಷ್ಟ್ರಿಗೆ ವರದಿ ಮಾಡಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. "ಅದಕ್ಕೆ ಗ್ಯಾಸ್ಕೆಟ್ ಸಿಗಲ್ಲಪ್ಪಾ."

ನನ್ನ ದೋಸೆ ಇನ್ನೂ ಬಂದಿರಲಿಲ್ಲ. ಕೂಗಿದೆ. ಭಟ್ರು ಅಡುಗೆಮನೆಯಿಂದ ಇಣುಕಿ ನೋಡಿದರು. "ಅಯ್ಯೋ, ನೀವು ಯಾವಾಗ ಬಂದ್ರಿ ಮಾರಾಯ್ರೇ?"