ಸೀರೆ ಕೊಡೋಣವೇ, ಬೇರೆ ಏನಾದರೂ ಇದೆಯೇ?

ಕೇಳಿದವರು: ನನ್ನ ಮಗನಿಗೆ ಹನ್ನೊಂದು ವರ್ಷ, ಸೆರೆಬ್ರಲ್ ಪಾಲ್ಸಿ (ಸಿ.ಪಿ.), ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಐದು ವರ್ಷದಿಂದ ವಿಶೇಷ ಶಾಲೆಯಲ್ಲಿ ಇಬ್ಬರು ಟೀಚರ್ ಅವನನ್ನು ನೋಡಿಕೊಂಡಿದ್ದಾರೆ. ಯಜಮಾನರಿಗೆ ವರ್ಗವಾಗಿದೆ, ಜೂನ್ ಒಳಗೆ ಊರು ಬಿಡಬೇಕು. ‘ಒಂದೊಂದು ಒಳ್ಳೆಯ ಸೀರೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿಸು’ ಎನ್ನುತ್ತಾರೆ ಅತ್ತೆ. ನನಗೇಕೋ ಅಷ್ಟಕ್ಕೆ ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

ಶಿವಮೊಗ್ಗದ ತಾಯಿ: ಸೀರೆ ಬೇಡ ಎನ್ನಲಾರೆ, ನಾನೂ ಕೊಟ್ಟಿದ್ದೇನೆ. ಆದರೆ ನಮ್ಮ ಟೀಚರ್ ಇವತ್ತಿಗೂ ನೆನಪಿಸಿಕೊಳ್ಳುವುದು ಆ ಸೀರೆಯನ್ನಲ್ಲ.

ನನ್ನ ಮಗನಿಗೂ ಸಿ.ಪಿ., ಎಡ ಮಗ್ಗುಲು ಬಿಗಿ. ಎಡಗೈ ಹೆಬ್ಬೆರಳು ಸದಾ ಮುಷ್ಟಿಯೊಳಗೇ ಮಡಚಿಕೊಂಡಿರುತ್ತದೆ. ಅವನಿಗೆ ಅಂಗಿಯ ಗುಂಡಿ ಹಾಕಲು ಕಲಿಸಿದ್ದು ಟೀಚರ್, ಅದೂ ತಲೆಕೆಳಗಾದ ಕ್ರಮದಲ್ಲಿ. ಎಲ್ಲ ಗುಂಡಿಗಳನ್ನೂ ತಾವೇ ಹಾಕಿ, ಕೊನೆಯದನ್ನು ಕಾಜದೊಳಗೆ ಅರ್ಧ ತೂರಿಸಿ, ‘ಎಳಿ’ ಎನ್ನುತ್ತಿದ್ದರು. ಅವನು ಎಳೆದರೆ ಮುಗಿಯಿತು, ಅಂಗಿ ಹಾಕಿಕೊಂಡವನು ಅವನೇ! ಒಂದೆರಡು ತಿಂಗಳಾದ ಮೇಲೆ ಪೂರ್ತಿ ಒಂದು ಗುಂಡಿ, ಆಮೇಲೆ ಎರಡು. ಮೊದಲ ಗುಂಡಿಯಿಂದ ಶುರು ಮಾಡಿಸುತ್ತಿದ್ದ ನಾನು ದಿನವೂ ಅವನನ್ನು ಸೋಲಿಸುತ್ತಿದ್ದೆ ಎನ್ನುವುದು ಆಗ ತಿಳಿಯಿತು.

ನನ್ನ ತಮ್ಮನ ಮದುವೆಯಲ್ಲಿ, ಧಾರೆಯ ಹೊತ್ತಿಗೆ ಎಲ್ಲರೂ ಓಡಾಟದಲ್ಲಿದ್ದಾಗ, ಅವನು ಛತ್ರದ ಕೋಣೆಯಲ್ಲಿ ಒಬ್ಬನೇ ಕುಳಿತು ಹೊಸ ಅಂಗಿಯ ಐದು ಗುಂಡಿ ಹಾಕಿಕೊಂಡಿದ್ದ. ಒಂದು ಕಾಜ ತಪ್ಪಿ ಅಂಗಿ ಓರೆಯಾಗಿತ್ತು. ನಾನು ಸರಿಮಾಡಲಿಲ್ಲ, ಫೋಟೋಗಳಲ್ಲೆಲ್ಲ ಹಾಗೆಯೇ ಇದ್ದಾನೆ. ಮಾರನೆಯ ದಿನ ಟೀಚರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಎಡಗೈ ಬಳಸಿದನೇ?’ ನಾನು ನೋಡಿರಲಿಲ್ಲ. ಸಂಜೆ ಮತ್ತೆ ಹಾಕಿಸಿ ನೋಡಿ ಹೇಳಿದೆ: ಎಡಗೈಯಿಂದ ಅಂಗಿಯ ಅಂಚನ್ನು ಒತ್ತಿ ಹಿಡಿಯುತ್ತಾನೆ, ಹೆಬ್ಬೆರಳು ಹೊರಗಿರುತ್ತದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಅವರು ಕಲಿಸುವುದು ಶಾಲೆಯಲ್ಲಿ, ಫಲ ಕಾಣುವುದು ನಮ್ಮ ಮನೆಯಲ್ಲಿ. ನಾವು ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಆದ್ದರಿಂದ ಪತ್ರ ಬರೆಯಿರಿ. ‘ನೀವು ದೇವರ ಸಮಾನ’ ಎಂದು ಮಾತ್ರ ಬರೆಯಬೇಡಿ. ಯಾವ ದಿನ, ಎಲ್ಲಿ, ಏನು ಮಾಡಿದ, ಯಾವ ಕೈಯಲ್ಲಿ ಎಂದು ಬರೆಯಿರಿ.

ಹಾವೇರಿ ಕಡೆಯ ತಂದೆ: ನನ್ನ ಮಗಳು ಮಲಗಿದಲ್ಲಿಯೇ ಇರುವವಳು. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ತೀವ್ರ ಅಂಗವೈಕಲ್ಯವಿರುವ ಮಕ್ಕಳು ಮನೆಯಲ್ಲೇ ಕಲಿಯಬಹುದು. ಹಾಗೆ ನಮ್ಮ ಮನೆಗೆ ಬರುತ್ತಿದ್ದವರು ಬಿ.ಐ.ಇ.ಆರ್.ಟಿ. ಮೇಡಂ, ಅಂದರೆ ಇಂಥ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿರುವ ಸರ್ಕಾರಿ ಶಿಕ್ಷಕಿ. ಎರಡು ಬಸ್ ಬದಲಿಸಿ, ನಿಲ್ದಾಣದಿಂದ ನಡೆದು ಬರುತ್ತಿದ್ದರು. ‘ಇವಳಿಗೇನು ಓದು?’ ಎಂದು ಓಣಿಯವರು ಅವರ ಎದುರಿಗೇ ಕೇಳಿದ್ದುಂಟು.

ಅವರು ಕಲಿಸಿದ್ದು ಒಂದೇ: ಕಣ್ಣು ಮೇಲೆತ್ತಿದರೆ ‘ಹೌದು’, ಕಣ್ಣು ಮುಚ್ಚಿದರೆ ‘ಬೇಡ’. ಎರಡು ಚಿತ್ರ ಹಿಡಿದು ಕೇಳುವುದು, ಕಾಯುವುದು. ಕಾಯುವುದೇ ಕಷ್ಟ, ನನ್ನ ಕೈಲಂತೂ ಆಗುತ್ತಿರಲಿಲ್ಲ. ಮೇಡಂ ಒಂದು ಉತ್ತರಕ್ಕೆ ಒಂದು ನಿಮಿಷವಾದರೂ ಸುಮ್ಮನೆ ಕುಳಿತಿರುತ್ತಿದ್ದರು. ಮೊದಲ ಬಾರಿಗೆ ಮಗಳು ಸ್ಪಷ್ಟವಾಗಿ ‘ಬೇಡ’ ಎಂದದ್ದು ಉಪ್ಪಿಟ್ಟಿಗೆ. ಒಂಬತ್ತು ವರ್ಷ ನಾವು ಅವಳಿಗೆ ವಾರಕ್ಕೆ ಮೂರು ದಿನ ಉಪ್ಪಿಟ್ಟು ತಿನ್ನಿಸಿದ್ದೆವು!

ಮೇಡಂ ಉಡುಗೊರೆ ಮುಟ್ಟಲಿಲ್ಲ. ಸರ್ಕಾರಿ ಕೆಲಸದಲ್ಲಿರುವವರಿಗೆ ನಾವು ಬೆಲೆಬಾಳುವ ವಸ್ತು ಕೊಟ್ಟರೆ ಅವರಿಗೇ ತೊಂದರೆ, ಒತ್ತಾಯ ಮಾಡಬೇಡಿ. ನಾನು ಉಪ್ಪಿಟ್ಟಿನ ಕತೆಯನ್ನೇ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಮೇಡಂಗೆ ತಲುಪಿಸಿದೆ. ಕಚೇರಿಯ ಗುಮಾಸ್ತರು ದೂರು ಅರ್ಜಿ ಎಂದುಕೊಂಡು ಎರಡೆರಡು ಸಲ ಓದಿದರು.

ಉಡುಪಿಯ ಅಜ್ಜಿ: ಟೀಚರನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಮೊಮ್ಮಗನ ಚಡ್ಡಿ ಒದ್ದೆಯಾದಾಗ ಮುಖ ಸಿಂಡರಿಸದೆ ಬದಲಿಸಿದ ಆಯಾ ಒಬ್ಬರಿದ್ದರು. ವ್ಯಾನಿನ ಡ್ರೈವರ್ ಅವನನ್ನು ಎತ್ತಿ ಕೂರಿಸಿ ಸೀಟಿನ ಪಟ್ಟಿ ಕಟ್ಟುತ್ತಿದ್ದರು. ಅವರನ್ನು ಮರೆಯಬೇಡಿ. ಅಷ್ಟೇ ನನ್ನದು.

ವಿಶೇಷ ಶಿಕ್ಷಕಿ, ಬೆಂಗಳೂರು: ಪತ್ರದ ಬಗ್ಗೆ ಹೇಳಿದ್ದು ನಿಜ. ನನ್ನ ಬೀರುವಿನಲ್ಲಿ ಅಂಥವು ನಾಲ್ಕು ಇವೆ. ಈ ಕೆಲಸವನ್ನೇ ಬಿಟ್ಟುಬಿಡೋಣ ಅನ್ನಿಸಿದಾಗ ತೆಗೆದು ಓದುತ್ತೇನೆ.

ಆದರೆ ನೀವು ಊರು ಬಿಡುತ್ತಿದ್ದೀರಿ, ನನಗೆ ಅದೇ ಯೋಚನೆ. ಆ ಟೀಚರ್‌ಗಳ ಹತ್ತಿರ ನಿಮ್ಮ ಮಗನ ವೈಯಕ್ತಿಕ ಶಿಕ್ಷಣ ಯೋಜನೆಯ (ಅವನಿಗೆ ಏನು, ಹೇಗೆ ಕಲಿಸಬೇಕೆಂದು ಬರೆದಿಟ್ಟಿರುವ ದಾಖಲೆಯ) ಪ್ರತಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಬರೆಯದ ಸಂಗತಿಗಳೇ ಹೆಚ್ಚಿರುತ್ತವೆ: ಯಾವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರುತ್ತದೆ, ಚಮಚದ ಹಿಡಿಗೆ ಬಟ್ಟೆ ಎಷ್ಟು ದಪ್ಪ ಸುತ್ತಬೇಕು, ಯಾವ ಹಾಡು ಹಾಡಿದರೆ ಅಳು ನಿಲ್ಲುತ್ತದೆ. ಇವನ್ನು ಅವರೊಂದಿಗೆ ಕುಳಿತು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಅವರು ಅವನಿಗೆ ಊಟ ಮಾಡಿಸುವುದನ್ನು ಅವರ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ. ಹೊಸ ಶಾಲೆಯವರು ಮತ್ತೆ ಮೊದಲಿನಿಂದ ಶುರು ಮಾಡಿದರೆ ಐದು ವರ್ಷದ ಕೆಲಸ ನೀರಿನಲ್ಲಿ ಹೋಮವಾಗುತ್ತದೆ. ಅದು ಹಾಗಾಗದಂತೆ ನೋಡಿಕೊಂಡರೆ ನಮಗೆ ಅದಕ್ಕಿಂತ ಬೇರೆ ಬೇಡ.

ದೀಪಾವಳಿ ಹೊತ್ತಿಗೆ ಒಂದು ಫೋನ್ ಮಾಡಿ. ಹೋದ ಮಕ್ಕಳ ಸುದ್ದಿಯೇ ನಮಗೆ ಸಿಗುವುದಿಲ್ಲ.

ಕೇಳಿದವರು: ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನೋಟ್‌ಬುಕ್ ತೆರೆದು ಕುಳಿತೆ. ಮಗ ನೀರು ಬೇಕಾದಾಗ ಲೋಟ ತೋರಿಸುತ್ತಾನೆ ಎಂಬಲ್ಲಿಂದ ಶುರುವಾಗಿ ಆರು ಪುಟವಾಯಿತು. ಯಜಮಾನರು ಓದಿ, ‘ಇದೆಲ್ಲ ಅವನಿಗೆ ಮೊದಲಿನಿಂದಲೂ ಬರುತ್ತಿತ್ತಲ್ಲವೇ?’ ಎಂದರು. ಬರುತ್ತಿರಲಿಲ್ಲ, ಅವರಿಗೆ ಮರೆತಿದೆ. ನಾಳೆ ಶಾಲೆಗೆ ಹೋಗಿ ಟೀಚರ್‌ಗಳ ಜೊತೆ ಕುಳಿತು ಉಳಿದದ್ದನ್ನು ಬರೆದುಕೊಳ್ಳುತ್ತೇನೆ.

ಅತ್ತೆ ಅಷ್ಟರಲ್ಲಿ ಸೀರೆ ತಂದುಬಿಟ್ಟಿದ್ದಾರೆ. ಆಯಾಗೂ ಸೇರಿಸಿ ಮೂರು.