ಹಬ್ಬದ ದಿನ ಓಡಾಡಿದವಳು ಮರುದಿನ ಏಳಲಾರಳು ಎಂಬುದನ್ನು ಮನೆಯವರಿಗೆ ಹೇಗೆ ತಿಳಿಸುವುದು?

ಪ್ರಶ್ನೆ (ಸೋಮವಾರಪೇಟೆಯಿಂದ)

ನನಗೆ 38 ವರ್ಷ. ನಾಲ್ಕು ವರ್ಷಗಳಿಂದ ಕತ್ತು, ಭುಜ, ಸೊಂಟ, ತೊಡೆ ಎನ್ನದೆ ಮೈಯೆಲ್ಲ ನೋಯುತ್ತದೆ. ಎಂಟು ಗಂಟೆ ಮಲಗಿ ಎದ್ದರೂ ನಿದ್ರೆ ಮಾಡಿದಂತೆ ಅನ್ನಿಸುವುದಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲವೂ ಸರಿಯಾಗಿಯೇ ಬಂದವು. ಕಳೆದ ವರ್ಷ ಮೈಸೂರಿನ ಸಂಧಿವಾತ ತಜ್ಞರು ಇದು ಫೈಬ್ರೊಮಯಾಲ್ಜಿಯ ಎಂದರು. ಕಾಯಿಲೆಗೆ ಒಂದು ಹೆಸರು ಸಿಕ್ಕಿದ ಮೇಲಾದರೂ ಮನೆಯವರ ಅನುಮಾನ ತೀರೀತು ಎಂದುಕೊಂಡಿದ್ದೆ, ತೀರಲಿಲ್ಲ.

ನಮ್ಮ ಕೊಡಗಿನ ಸುಗ್ಗಿಹಬ್ಬ ಹುತ್ತರಿಯಂದು ಮನೆ ಸಾರಿಸಿ, ತಂಬಿಟ್ಟಿಗೆ ಬಾಳೆಹಣ್ಣು ಕಿವುಚಿ, ರಾತ್ರಿ ಕದಿರು ತೆಗೆಯಲು ಎಲ್ಲರೊಂದಿಗೆ ಗದ್ದೆಗೂ ಹೋಗಿ ಬಂದೆ. ಅಷ್ಟು ಮಾಡಲೆಂದೇ ಹಿಂದಿನ ಎರಡು ದಿನ ಆದಷ್ಟು ಮಲಗಿ ಕಳೆದಿದ್ದೆ. ಆದರೂ ಮರುದಿನದಿಂದ ಮೂರು ದಿನ ಏಳಲಾಗಲಿಲ್ಲ, ಅರೇಬಿಕಾ ಕಾಫಿಯ ಕೊಯ್ಲು ಆಗಲೇ ಶುರುವಾಗಿತ್ತು. "ಹಬ್ಬಕ್ಕೆ ಇಲ್ಲದ ನೋವು ಕಣಕ್ಕೆ ಹೋಗು ಎಂದಾಗ ಬರುತ್ತದೆ" ಎಂದರು ಅತ್ತೆ. ಅವರು ಕೆಟ್ಟವರಲ್ಲ. ಅವರ ಮಂಡಿ ಪ್ರತಿ ಮಳೆಗಾಲದಲ್ಲೂ ಊದಿಕೊಳ್ಳುತ್ತದೆ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ, ನನ್ನದು ಕಾಣುವುದಿಲ್ಲ. ಈಗೀಗ ಮೈ ಹಗುರವಾಗಿರುವ ದಿನವೂ ನಗಲು ಭಯವಾಗುತ್ತದೆ. ಒಳ್ಳೆಯ ದಿನಗಳನ್ನು ನಾನು ಮರೆಮಾಚಬೇಕೇ?

ಉತ್ತರ (ವಿರಾಜಪೇಟೆಯಿಂದ)

ಅಕ್ಕಾ, ದಯವಿಟ್ಟು ಮರೆಮಾಚಬೇಡಿ. ನನ್ನದು ಬೇರೆ ಕಾಯಿಲೆ, ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳಲ್ಲಿ ಉರಿಯೂತ ತರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಇದರ ನೋವು ವಿಶ್ರಾಂತಿಯಲ್ಲಿ ಹೆಚ್ಚಿ ಓಡಾಟದಲ್ಲಿ ಇಳಿಯುವುದರಿಂದ, ಬೆಳಿಗ್ಗೆ ಬಗ್ಗಿ ಬೂಟಿನ ಲೇಸು ಕಟ್ಟಲಾಗದ ನಾನು ಹತ್ತು ಗಂಟೆಯ ಹೊತ್ತಿಗೆ ನೆಟ್ಟಗೆ ನಡೆಯುತ್ತಿದ್ದೆ, ಕೆಲಸದ ಜಾಗದಲ್ಲಿ ಎಲ್ಲರೂ ನೋಡುತ್ತಿದ್ದುದು ಆ ಹತ್ತು ಗಂಟೆಯ ನನ್ನನ್ನು. ಆರು ವರ್ಷ ಸೋಮಾರಿ ಎನಿಸಿಕೊಂಡೆ. ಎಂಆರ್‌ಐಯಲ್ಲಿ ಸೊಂಟದ ಕೀಲಿನ ಉರಿಯೂತ ಕಂಡ ದಿನ ಎಲ್ಲರೂ ನಂಬಿದರು. ಅದರ ಹಿಂದಿನ ದಿನವೂ ನೋವು ಅಷ್ಟೇ ಇತ್ತು.

ನಿಮಗೆ ಅಂಥ ಚಿತ್ರ ಸಿಗಲಾರದು. ಫೈಬ್ರೊಮಯಾಲ್ಜಿಯದಲ್ಲಿ ಕೀಲು, ಸ್ನಾಯುಗಳಲ್ಲಿ ಊತವಿರುವುದಿಲ್ಲ. ನೋವಿನ ಸಂಕೇತಗಳನ್ನು ಮಿದುಳು ಮತ್ತು ಬೆನ್ನುಹುರಿ ಹಿಗ್ಗಿಸಿ ಗ್ರಹಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಈ ಕಾಯಿಲೆಯನ್ನು ಗುರುತಿಸಲು ವೈದ್ಯರು ಬಳಸುತ್ತಿದ್ದ 1990ರ ಮಾನದಂಡದಲ್ಲಿ ಮೈಮೇಲಿನ 18 ಬಿಂದುಗಳನ್ನು ಒತ್ತಿ, ಕನಿಷ್ಠ 11ರಲ್ಲಿ ನೋವಿದೆಯೇ ಎಂದು ನೋಡುತ್ತಿದ್ದರು. 2010ರ ಮಾನದಂಡ ಅದನ್ನು ಕೈಬಿಟ್ಟು, ನೋವು ಎಲ್ಲೆಲ್ಲಿದೆ, ದಣಿವು, ನಿದ್ರೆ, ಮರೆವು ಹೇಗಿವೆ, ಮೂರು ತಿಂಗಳಾದರೂ ಹೀಗಿದೆಯೇ ಎಂದು ರೋಗಿಯನ್ನೇ ಕೇಳುತ್ತದೆ. ನಿಮ್ಮ ಮಾತನ್ನು ವೈದ್ಯಶಾಸ್ತ್ರವೇ ಸಾಕ್ಷಿಯಾಗಿ ಒಪ್ಪಿದೆ.

ಉತ್ತರ (ಗೋಣಿಕೊಪ್ಪದಿಂದ)

ನಾನು ಅನುಮಾನಪಟ್ಟವನು, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೂ ಇದೇ ಕಾಯಿಲೆ. ಒಮ್ಮೆ ಜೊತೆಗೆ ಆಸ್ಪತ್ರೆಗೆ ಹೋದಾಗ ವೈದ್ಯರು ಅವಳನ್ನು, "ತಲೆ ಬಾಚುವಾಗ ನಡುವೆ ಕೈ ಇಳಿಸಬೇಕಾಗುತ್ತದೆಯೇ?" ಎಂದು ಕೇಳಿದರು. "ಎರಡು ವರ್ಷದಿಂದ" ಎಂದಳು. ಆ ಎರಡು ವರ್ಷವೂ ನಾನು ಅದೇ ಮನೆಯಲ್ಲಿದ್ದೆ, ಒಮ್ಮೆಯೂ ಗಮನಿಸಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮುಂದಿನ ಸಲ ಅತ್ತೆಯವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಇನ್ನೊಂದು ಮಾತು: ನನ್ನ ಹೆಂಡತಿ ಈಗ ಹಬ್ಬಕ್ಕೆ ಮೊದಲೇ, "ಅಂದು ಮಾಡುತ್ತೇನೆ, ಆಮೇಲೆ ಎರಡು ದಿನ ಮಲಗಬೇಕಾಗುತ್ತದೆ" ಎಂದು ಎಲ್ಲರಿಗೂ ಹೇಳಿಬಿಡುತ್ತಾಳೆ. ಮೊದಲೇ ತಿಳಿದಿರುವುದರಿಂದ ನಮ್ಮ ಮನೆಯಲ್ಲಿ ಅದು ನೆಪವೆಂದು ಯಾರಿಗೂ ಕೇಳಿಸುವುದಿಲ್ಲ, ಆ ಎರಡು ದಿನದ ಅಡುಗೆಯನ್ನು ಯಾರು ನೋಡಿಕೊಳ್ಳಬೇಕೆಂಬುದೂ ಮುಂಚೆಯೇ ತೀರ್ಮಾನವಾಗಿರುತ್ತದೆ.

ಉತ್ತರ (ಮಡಿಕೇರಿಯಿಂದ, ಶುಶ್ರೂಷಕಿ)

ಒಳ್ಳೆಯ ದಿನ ಬಂತೆಂದು ವಾರದ ಕೆಲಸವನ್ನೆಲ್ಲ ಅಂದೇ ಮುಗಿಸಬೇಡಿ. ಹತ್ತು ನಿಮಿಷದ ನಡಿಗೆಯಿಂದ ತೊಡಗಿ ನಿಧಾನವಾಗಿ ಹೆಚ್ಚಿಸಿ. ಈ ಕಾಯಿಲೆಗೆ ಕೊಡುವ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಮಾತ್ರೆಗಳು ಖಿನ್ನತೆಗೂ ಬಳಕೆಯಾಗುವಂಥವು. ಅದನ್ನು ತಿಳಿದ ಮನೆಯವರು "ಇದು ಬರೀ ಮನಸ್ಸಿನದು" ಎಂದಾಗ ನೊಂದು ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ನೋವಿನ ಸಂಕೇತಗಳನ್ನು ತಗ್ಗಿಸಲೆಂದೇ ಅವನ್ನು ಕೊಟ್ಟಿರುತ್ತಾರೆ. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನೇರವಾಗಿ ಕರೆದಿದ್ದರೆ ಅತ್ತೆ ಬರುತ್ತಿರಲಿಲ್ಲ. ಅವರ ಮಂಡಿಯನ್ನೂ ಅದೇ ವೈದ್ಯರಿಗೆ ತೋರಿಸೋಣ ಎಂದೆ. ಮುಂದಿನ ತಿಂಗಳು ಮೈಸೂರಿಗೆ ಜೊತೆಗೆ ಬರುತ್ತೇನೆ ಎಂದಿದ್ದಾರೆ.