ಪದಚರ್ಚೆ: ‘ರೆಗ್ಯುಲೇಶನ್’ ಎಂದರೆ ನಿಯಂತ್ರಣವೋ ವಿನಿಯಮನವೋ?

ಮಾನ್ಯರೇ,

ಕೃತಕ ಬುದ್ಧಿಮತ್ತೆಯ ಕಾನೂನುಗಳನ್ನು ಕುರಿತ ವಿಚಾರಗೋಷ್ಠಿಯೊಂದರ ಫಲಕವನ್ನು ನಾನು ಕನ್ನಡಿಸಬೇಕಾಗಿದ್ದು, ಅದು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗುತ್ತದೆ. ‘ಅಭಿವೃದ್ಧಿಯ ನಿಯಂತ್ರಣವೋ, ಬಳಕೆಯ ನಿಯಂತ್ರಣವೋ?’ ಎಂದು ಬರೆದಿದ್ದೇನೆ. ಓದಿದಾಗ ಏನೋ ತಪ್ಪಿದಂತಿದೆ. ಯುರೋಪಿನ ಕಾನೂನಿನಲ್ಲಿ ಬರುವ ‘ಡಿಪ್ಲಾಯರ್’ಗೆ ‘ಬಳಕೆದಾರ’ ಸಾಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

* * *

‘ಬಳಕೆದಾರ’ ಸಲ್ಲದು. ಸಾಲ ಕೇಳಿದವರ ಯೋಗ್ಯತೆಯನ್ನು ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯಿಂದ ಅಳೆಯುವ ಬ್ಯಾಂಕು ಆ ಕಾನೂನಿನ ಪ್ರಕಾರ ಡಿಪ್ಲಾಯರ್. ಮನೆಯಲ್ಲಿ ಸ್ವಂತಕ್ಕೆಂದು ಅದನ್ನು ಬಳಸುವವರು ಅಲ್ಲ. ಇಬ್ಬರಿಗೂ ಒಂದೇ ಹೆಸರಿಟ್ಟರೆ ಹೊಣೆ ಯಾರದೆಂಬುದೇ ಅಳಿಸಿಹೋಗುತ್ತದೆ. ‘ಬಳಕೆಗಿಳಿಸುವವರು’ ಎಂದು ಬರೆಯಿರಿ.

‘ಅಭಿವೃದ್ಧಿ’ಯನ್ನಂತೂ ಕೈಬಿಡಲೇಬೇಕು, ಏಕೆಂದರೆ ಕನ್ನಡದಲ್ಲಿ ಆ ಪದ ಏಳಿಗೆಯನ್ನು ಹೇಳುತ್ತದೆಯೇ ಹೊರತು ಬರಿಯ ತಯಾರಿಕೆಯನ್ನಲ್ಲ. ತರಬೇತಿಗೆ 10 ಕೋಟಿ ಡಾಲರಿಗಿಂತ ಹೆಚ್ಚು ತಗಲುವ ಕೃತಕ ಬುದ್ಧಿಮತ್ತೆಯ ಮಾದರಿಗಳ ತಯಾರಕರ ಮೇಲೆ ಸುರಕ್ಷತೆಯ ಹೊಣೆ ಹೊರಿಸಲು ಹೊರಟಿದ್ದ ಕ್ಯಾಲಿಫೋರ್ನಿಯಾದ ಮಸೂದೆಯನ್ನು ಗವರ್ನರ್ ಗ್ಯಾವಿನ್ ನ್ಯೂಸಮ್ 2024ರ ಸೆಪ್ಟೆಂಬರಿನಲ್ಲಿ ತಡೆದರು. ಅದು ಮಾದರಿಯ ಗಾತ್ರ ಮತ್ತು ವೆಚ್ಚವನ್ನು ನೋಡುತ್ತದೆ, ಅಪಾಯದ ಸಂದರ್ಭದಲ್ಲಿ ಬಳಕೆಯಾಗುತ್ತದೆಯೇ ಎಂಬುದನ್ನು ನೋಡುವುದಿಲ್ಲ ಎಂಬುದು ಅವರ ಆಕ್ಷೇಪಗಳಲ್ಲೊಂದಾಗಿತ್ತು. ಅದನ್ನು ‘ಅಭಿವೃದ್ಧಿ ನಿಯಂತ್ರಣ ಮಸೂದೆ’ ಎಂದು ಕನ್ನಡಿಸಿದರೆ, ಒಂದು ಕಲಮನ್ನೂ ಓದದ ಕನ್ನಡಿಗ ಅದಾಗಲೇ ಗವರ್ನರ್ ಪಕ್ಷ ಸೇರಿರುತ್ತಾನೆ. ಅನುವಾದಕನಿಗೆ ಆ ಅಧಿಕಾರವಿಲ್ಲ.

‘ನಿಯಂತ್ರಣ’ವೂ ಎರಡು ಅರ್ಥ ಹೊತ್ತು ಬಳಲಿದೆ: ಮಾಲಿನ್ಯ ನಿಯಂತ್ರಣ ಮಂಡಳಿ ಮಾಲಿನ್ಯವನ್ನು ತಗ್ಗಿಸಬೇಕು, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವಿದ್ಯುತ್ತನ್ನು ತಗ್ಗಿಸುವುದಿಲ್ಲ, ದರವನ್ನು ಗೊತ್ತುಮಾಡುತ್ತದೆ. ಆದ್ದರಿಂದ ನಿಯಮಗಳಿಂದ ಕ್ರಮಕ್ಕೆ ತರುವುದನ್ನಷ್ಟೇ ಹೇಳುವ ‘ವಿನಿಯಮನ’ವೇ ಸರಿ.

* * *

ನಾನು ಇನ್ನೊಬ್ಬ ಓದುಗ. ‘ವಿನಿಯಮನ’ ವಕೀಲರಿಗೆ ಮಾತ್ರ ತಿಳಿಯುವ ಪದ, ಫಲಕ ದಾರಿಹೋಕರಿಗೆ. ಅಲ್ಲದೆ ಯಂತ್ರ, ನಿಯಮ, ನಿಯಂತ್ರಣ ಮೂರೂ ‘ಯಮ್’ ಧಾತುವಿನಿಂದ ಬಂದವು, ಮೂಲದಲ್ಲಿ ಎಲ್ಲಕ್ಕೂ ಹಿಡಿದು ನಿಲ್ಲಿಸುವ ಅರ್ಥವೇ. ಅಚ್ಚಗನ್ನಡದ ‘ಕಟ್ಟುಪಾಡು’ ಇರುವಾಗ ಸಂಸ್ಕೃತದ ಮುಂದೆ ಕೈಯೊಡ್ಡುವುದೇಕೆ?

* * *

ಧಾತುವಿನಿಂದ ಇಂದಿನ ಅರ್ಥ ತೀರ್ಮಾನವಾಗದು. ‘ಕಟ್ಟುಪಾಡು’ ಜಾತಿಯ, ಊರಿನ ಕಟ್ಟಳೆಗಳನ್ನು ನೆನಪಿಗೆ ತರುತ್ತದೆ, ಸರ್ಕಾರದ ಕಾನೂನನ್ನಲ್ಲ. ಎರವಲಿನ ಮಾತೆತ್ತಿದ್ದೀರಿ: ಜಮೀನಿನ ಗಡಿ ಗುರುತಿಸಲು ರೈತರು ದಿನವೂ ಆಡುವ ‘ಹದ್ದುಬಸ್ತು’ ಅರಬ್ಬಿ, ಪಾರಸಿಗಳಿಂದ ಬಂದದ್ದು. ಅದನ್ನು ಯಾರೂ ಹೊರಗಿನದೆನ್ನುವುದಿಲ್ಲ. ಪದ ಎಲ್ಲಿಂದ ಬಂತೆಂಬುದಕ್ಕಿಂತ ಗಡಿ ಎಲ್ಲಿ ಬೀಳುತ್ತದೆಂಬುದು ಮುಖ್ಯ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಯುರೋಪಿನ ಕಾನೂನು ಮಾರುಕಟ್ಟೆಗೆ ಬಿಡುವ ಮೊದಲಿನ ಸಂಶೋಧನೆ, ಪರೀಕ್ಷೆಗಳನ್ನು ಬಹುಮಟ್ಟಿಗೆ ಹೊರಗಿಟ್ಟು, ಬಿಡುಗಡೆಯಾದ ಸಾಮಾನ್ಯೋದ್ದೇಶದ (ಹಲವು ಬಗೆಯ ಕೆಲಸಕ್ಕೆ ಬರುವ) ಮಾದರಿಗಳ ತಯಾರಕರಿಗೂ ಕರ್ತವ್ಯ ವಿಧಿಸಿದೆ. ತಯಾರಿಕೆಗೂ ಬಳಕೆಗೂ ನಡುವೆ ಬಿಡುಗಡೆ ಎಂಬ ಹಂತವಿದೆ. ಪ್ರಶ್ನೆ ಕೇಳಿದವರೇ, ನಿಮ್ಮ ಫಲಕದಲ್ಲಿ ತಪ್ಪಿದ್ದು ಅದೇ.

ನಾಳೆಗೆ ಹೀಗೆ ಬರೆಯಿರಿ: ‘ಕೃತಕ ಬುದ್ಧಿಮತ್ತೆ: ಕಾನೂನು ಯಾವುದಕ್ಕೆ? ತಯಾರಿಕೆಗೋ, ಬಿಡುಗಡೆಗೋ, ಬಳಕೆಗೋ?’ ‘ವಿನಿಯಮನ’ವನ್ನು ಒಳಪುಟದಲ್ಲಿ ಬಳಸಿ, ಅಲ್ಲಿ ಅದನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.